ಉಪ್ಪುನೀರು ಬಚ್ಚಿಟ್ಟ ಡಬ್ಬ

ಒಂದಾನೊಂದು ಕಾಲದಲ್ಲಿ, ದೇವರು ಲೋಕಕ್ಕೆ ಇನ್ನೂ ಕದ ಕೂರಿಸಿರದಿದ್ದಾಗ, ಚಳಿರಾಯ ಒಂದು ಕೆರೆಯ ದಂಡೆಗೆ ಬಂದನಂತೆ. "ನಿನ್ನನ್ನು ಕಲ್ಲು ಮಾಡುತ್ತೇನೆ" ಎಂದನಂತೆ. "ಮಾಡು ದೊರೆಯೇ, ಆದರೆ ನನ್ನ ಹೊಟ್ಟೆಯಲ್ಲಿ ಮೀನಿನ ಮರಿಗಳಿವೆ" ಎಂದಿತಂತೆ ನೀರು. ಚಳಿರಾಯನನ್ನೂ ಒಬ್ಬ ತಾಯಿ ಹೆತ್ತಿದ್ದಳಲ್ಲ, ಮನಸ್ಸು ಕರಗಿತು. ಅಂದಿನಿಂದ ನೀರು ತಣಿದಷ್ಟೂ ಭಾರವಾಗಿ ತಳಕ್ಕಿಳಿಯುತ್ತದೆ. ನಾಲ್ಕು ಡಿಗ್ರಿಗಿಂತ ಇನ್ನೂ ತಣಿಯಿತೋ, ಮತ್ತೆ ಹಗುರಾಗಿ ಮೇಲೇರುತ್ತದೆ. ಮೇಲೆಯೇ ಹೆಪ್ಪುಗಟ್ಟಿ ಮೀನುಗಳಿಗೆ ಸೂರಾಗುತ್ತದೆ. ತಳದಲ್ಲಿ ನಾಲ್ಕು ಡಿಗ್ರಿ ಹಾಗೇ ಉಳಿಯುತ್ತದೆ.

ಈ ಕಥೆ ಹೇಳುತ್ತಿದ್ದವರು ವಿಜ್ಞಾನದ ಎವ್ಲಿನ್ ಟೀಚರ್. ಅದನ್ನು ಮಕ್ಕಳ ಕಣ್ಣಿಗೆ ತೋರಿಸಲೆಂದೇ ಹುಟ್ಟಿದ್ದು ನಾನು. ನಾನು ಒಂದು ತಗಡಿನ ಡಬ್ಬ.

ಕುಂದಾಪುರದ ಕಡೆಯ ಒಂದು ಬಂದರೂರಿನಲ್ಲಿ, ಟೀಚರ್ ಬರೆದುಕೊಟ್ಟ ಚಿತ್ರ ನೋಡಿಕೊಂಡು ತಗಡಿನ ಕೆಲಸದವನು ನನ್ನನ್ನು ಬೆಸೆದ. ಉದ್ದನೆಯ ಮೈ, ಸೊಂಟದ ಸುತ್ತ ಐಸು ತುಂಬುವ ತೊಟ್ಟಿ, ಥರ್ಮಾಮೀಟರ್ ತೂರಿಸಲು ಮೇಲೊಂದು ಕೆಳಗೊಂದು ತೂತು. ಕೆಳಗಿನ ತೂತಿನ ಬಿರಡೆ ಮೊದಲಿನಿಂದಲೂ ಸಡಿಲ. ನೀರು ತುಂಬಿದಾಗಲೆಲ್ಲ ತೊಟ್ಟಿಕ್ಕುತ್ತಿದ್ದೆ. "ಇದೆಂತ ಮಾರಾಯ, ಹಾಲು ಹಲ್ಲಿನ ಮಗುವಿನ ಹಾಗೆ ಜೊಲ್ಲು ಸುರಿಸ್ತದೆ!" ಎಂದು ಟೀಚರ್ ನಕ್ಕಿದ್ದರು. ಆ ನಗು ನನಗೆ ಚುಚ್ಚಿತು.

"ಚಳಿದೇಶದ ಕೆರೆ ಐಸಾದರೆ ಮೀನು ಸಾಯುವುದಿಲ್ಲವೇ?" ಎಂದು ಎಂಟನೆಯ ತರಗತಿಯವರು ಕೇಳಿದ್ದರು. ಅವರೆಲ್ಲ ಮೀನುಗಾರರ ಮಕ್ಕಳು. ಐಸಿನಲ್ಲಿ ಸತ್ತ ಮೀನನ್ನಲ್ಲದೆ ಬದುಕಿದ್ದನ್ನು ಕಂಡವರಲ್ಲ. "ಶುಕ್ರವಾರ ತೋರಿಸ್ತೇನೆ. ತೋರಿಸದಿದ್ದರೆ ನನ್ನ ಮಾತು ಯಾವತ್ತೂ ನಂಬಬೇಡಿ" ಎಂದುಬಿಟ್ಟರು ಟೀಚರ್.

ಅದು ಬೇಸಗೆ. ಆ ಊರಿನಲ್ಲಿ ಬೇಸಗೆಗೆ ಬಾವಿಯೆಲ್ಲ ಉಪ್ಪು. ಕುಡಿಯುವ ಸೀನೀರು ಶಾಲೆಗೆ ದಿನಕ್ಕೆ ಎರಡೇ ಕೊಡ. ಅದರಲ್ಲಿ ಒಂದು ಹನಿ ಚೆಲ್ಲಿದರೂ ಗಂಗೆ ಮುನಿಯುತ್ತಾಳೆಂಬ ಭಯ. ಪಾತ್ರೆ ತೊಳೆಯುವುದು, ನೆಲ ಒರೆಸುವುದು ಎಲ್ಲ ಹೊಳೆನೀರಿನಲ್ಲೇ. ನನ್ನನ್ನು ತುಂಬಿಸುವ ಕೆಲಸ ಶಾಲೆಯ ಜವಾನಿ ಗುಲಾಬಿಯದು. "ಮಕ್ಳಿಗೇ ಕುಡೂಕ್ ನೀರಿಲ್ಲೆ, ಈ ಡಬ್ಬಕ್ಕೆ ಸೀನೀರ್ ಬೇಕಾ? ನೀರ್ ನೀರೇ ಅಲ್ದಾ!" ಎಂದು ಗೊಣಗುತ್ತ, ಭರತದ ಹೊತ್ತು ಕಡಲು ಉಕ್ಕಿ ಹೊಳೆಯೊಳಗೆ ನುಗ್ಗುವ ಅಳಿವೆಗೆ ನನ್ನನ್ನು ಅದ್ದಿ ತಂದಳು.

ಉಪ್ಪೆಂದು ನನ್ನ ಮೈಗೆ ಆ ಕ್ಷಣವೇ ತಿಳಿಯಿತು. ಆ ದಿನ ಎಂದಿನಂತೆ ಸೋರಿದ್ದರೆ ಸಾಕಿತ್ತು. ಅಷ್ಟೂ ನೀರು ಹರಿದುಹೋಗಿ, ಟೀಚರೇ ಕೈಯಾರೆ ಬೇರೆ ತುಂಬಿಸುತ್ತಿದ್ದರು. ಆದರೆ ಇಡೀ ತರಗತಿಯ ಎದುರು ಜೊಲ್ಲು ಸುರಿಸುವುದೇ? ಬಿರಡೆಯನ್ನು ಬಿಗಿಯಾಗಿ ಕಚ್ಚಿ ಹಿಡಿದೆ. ನನ್ನ ಬಾಳಿನಲ್ಲಿ ಒಂದು ಹನಿಯೂ ಸೋರದ ದಿನ ಅದೊಂದೇ.

ಸೊಂಟಕ್ಕೆ ಉಪ್ಪು ಬೆರೆಸಿದ ಐಸು ತುಂಬಿದರು. ಕೆಳಗಿನ ಥರ್ಮಾಮೀಟರ್ ಹತ್ತಕ್ಕಿಳಿಯಿತು, ನಾಲ್ಕಕ್ಕೆ ಬಂತು. ಅಲ್ಲಿ ನಿಲ್ಲಲಿಲ್ಲ. ಮೂರು. ಒಂದು. ಸೊನ್ನೆ.

"ಟೀಚರೇ, ನಿಮ್ ಮೀನೆಲ್ಲ ಐಸಾಯ್ತ್ ಕಾಣಿ! ಬುಟ್ಟಿಗ್ ಹಾಕಿ ಮಾರ್ವನಾ?" ಎಂದಳು ಹಿಂದಿನ ಬೆಂಚಿನ ಹುಡುಗಿ. ತರಗತಿ ಗೊಳ್ಳೆಂದಿತು.

ಟೀಚರ್ ಮುಖ ಬಿಳಿಚಿತು. "ಗುಲಾಬಿ, ನೀರು ಯಾವುದು ಹಾಕಿದ್ದಿ? ಸಮುದ್ರದ ಉಪ್ಪುನೀರಾದರೆ ಮಾತ್ರ ಹೀಗಾಗುವುದು. ಅದು ನಾಲ್ಕರಲ್ಲಿ ನಿಲ್ಲುವುದಿಲ್ಲ, ಭಾರವಾಗ್ತಾ ಇಳೀತಲೇ ಇರ್ತದೆ."

ಗುಲಾಬಿ ಮಕ್ಕಳ ಕಡೆ ನೋಡಿದಳು. "ಸೀನೀರಿನ ಕೊಡದ್ದೇ ಟೀಚರೇ" ಎಂದಳು. ಟೀಚರ್ ಅವಳ ಮಾತು ನಂಬಿದರು, ನೀರನ್ನು ನಾಲಿಗೆಗೆ ಹಚ್ಚಿಯೂ ನೋಡಲಿಲ್ಲ.

ಆಮೇಲೆ ಟೀಚರ್ ಯಾವ ಪ್ರಯೋಗವನ್ನೂ ಮಾಡಲಿಲ್ಲ. "ಪುಸ್ತಕದಲ್ಲಿದೆ, ಓದಿಕೊಳ್ಳಿ" ಎನ್ನುತ್ತಿದ್ದರು. ಚಳಿರಾಯನ ಕಥೆಯೂ ನಿಂತಿತು. ವರ್ಗವಾಗಿ ಹೋಗುವಾಗ ನನ್ನನ್ನು ಒಮ್ಮೆ ಎತ್ತಿ ನೋಡಿ, "ತಪ್ಪು ನನ್ನದೇ ಇರಬೇಕು" ಎಂದು ಕೆಳಗಿಟ್ಟರು. ಆ ಮಾತಿನಷ್ಟು ಭಾರದ ನೀರನ್ನು ನಾನು ಎಂದೂ ಹೊತ್ತಿಲ್ಲ.

ಶಾಲೆಯವರು ಎಸೆಯಲು ಹೊರಟಾಗ ಗುಲಾಬಿ ನನ್ನನ್ನು ಮನೆಗೊಯ್ದಳು. ಕೆಲಸದಿಂದ ನಿವೃತ್ತಳಾದ ಮೇಲೆ ಮಾರುಕಟ್ಟೆಯಲ್ಲಿ ಮೀನು ಮಾರತೊಡಗಿದಳು. ನಾನು ಅವಳ ಐಸಿನ ಡಬ್ಬವಾದೆ. ದಿನವೂ ಹುಣಸೆಹಣ್ಣು ಹಾಕಿ ತಿಕ್ಕುವಾಗ, "ನಾವಿಬ್ರೂ ಒಂದೇ ಜಾತಿ, ಬಾಯ್ ಮುಚ್ಕಂಡ್ ಕೂತ್ಕಂಡ್ವಲೆ" ಎನ್ನುತ್ತಿದ್ದಳು. ನನಗೆ ತುಕ್ಕು ಹಿಡಿಯಿತು, ಅವಳಿಗೆ ಮಂಡಿನೋವು ಹಿಡಿಯಿತು.

ಹದಿನಾರು ವರ್ಷದ ಬಳಿಕ ಒಂದು ಬೆಳಿಗ್ಗೆ, ಕೊಡೆ ಮಡಚುತ್ತ ಒಬ್ಬ ಮುದುಕಿ ನಮ್ಮ ಬುಟ್ಟಿಯೆದುರು ನಿಂತು, "ಬಂಗುಡೆ ತಾಜಾ ಉಂಟಾ?" ಎಂದರು. ಸ್ವರ ಕೇಳಿ ಗುಲಾಬಿ ಕತ್ತಿ ಕೆಳಗಿಟ್ಟಳು.

"ಟೀಚರೇ, ಅದು ಹೊಳೆನೀರ್. ನಾನೇ ತುಂಬ್ಸದ್ದ್. ಸುಳ್ಳ್ ಹೇಳ್ದೆ."

ಎವ್ಲಿನ್ ಟೀಚರ್ ಬುಟ್ಟಿಯ ಪಕ್ಕಕ್ಕೆ ಬಾಗಿದರು. ನನ್ನನ್ನು ಗುರುತಿಸಿ, ನನ್ನ ತುಕ್ಕಿನ ಮೇಲೆ ಬೆರಳಾಡಿಸಿದರು. "ಹದಿನಾರು ವರ್ಷ ಗುಲಾಬಿ! ನಾನು ಓದಿದ್ದೇ ಸುಳ್ಳೇನೋ ಅಂದುಕೊಂಡಿದ್ದೆ" ಎಂದರು. ಸಿಟ್ಟು ಇತ್ತು, ಕಣ್ಣೀರೂ ಇತ್ತು. "ಹೊಡೀರಿ ಬೇಕಾರೆ" ಎಂದಳು ಗುಲಾಬಿ. "ಹೊಡೆದರೆ ನೀರು ತಣಿಯುತ್ತದಾ? ನಾಳೆ ಬರ್ತೇನೆ. ಡಬ್ಬ ತೊಳೆದಿಡು."

ಮರುದಿನ ಎರಡು ಥರ್ಮಾಮೀಟರುಗಳೊಂದಿಗೆ ಬಂದರು. ಗುಲಾಬಿ ಸೀನೀರು ತುಂಬಿದಳು. ತುಂಬುವ ಮುಂಚೆ ತಾನೊಂದು ಗುಟುಕು ಕುಡಿದಳು, ಟೀಚರಿಗೂ ಕುಡಿಸಿದಳು. ಮೀನಿನ ಐಸಿಗೆ ಉಪ್ಪು ಬೆರೆಸಿ ನನ್ನ ಸೊಂಟಕ್ಕೆ ತುಂಬಿದರು. ಮಾರುಕಟ್ಟೆಯ ಹೆಂಗಸರು ಸುತ್ತ ಕವಿದರು. ಅವರಲ್ಲಿ ಇಬ್ಬರು ಆ ಎಂಟನೆಯ ತರಗತಿಯವರು.

ಕೆಳಗಿನದು ಹತ್ತು, ಏಳು, ಐದು. ನಾಲ್ಕು. ನಾನು ತಗಡು, ನನಗೆ ಉಸಿರಿಲ್ಲ, ಆದರೂ ಕಟ್ಟಿತು. ನಾಲ್ಕರಲ್ಲೇ ನಿಂತಿತು. ಮೇಲಿನದು ಅದನ್ನು ದಾಟಿ ಇಳಿಯುತ್ತಲೇ ಹೋಗಿ ಸೊನ್ನೆ ಮುಟ್ಟಿತು. ನನ್ನ ನೆತ್ತಿಯಲ್ಲಿ ನೀರು ತೆಳ್ಳಗೆ ಹೆಪ್ಪುಗಟ್ಟಿತು.

"ಕಾಣಿ" ಎಂದರು ಎವ್ಲಿನ್ ಟೀಚರ್, ಆ ಇಬ್ಬರಿಗೆ. "ಮೀನು ಸಾಯುವುದಿಲ್ಲ."