ಕರಡಿಯ ಬಾಣಂತಿಕೋಣೆ

ಕಾಡಿನಲ್ಲಿ ಮರಿ ಹಾಕಿದ ಪ್ರಾಣಿಯ ಠಾವನ್ನು ಪರರಿಗೆ ತೋರಿಸಬಾರದೆಂಬುದು ಗಂಗಾರಾಮನ ಮನೆತನದಲ್ಲಿ ಅಜ್ಜನ ಕಾಲದಿಂದ ನಡೆದುಬಂದ ಕಟ್ಟಳೆ. ಬಾಣಂತಿಯ ಕೋಣೆಗೆ ಹೊರಗಿನವರು ಹೇಗೆ ಇಣುಕಬಾರದೋ ಹಾಗೆಯೇ ಇದೂ. ಕೋವಿ ಹಿಡಿದು ಬಂದ ಎಷ್ಟೋ ಶಿಕಾರಿಯವರು ಆ ಮೌನಕ್ಕೆ ಸೋತು ಬರಿಗೈಯಲ್ಲಿ ಮರಳಿದ್ದರು. ಹೀಗಾಗಿ, ಕಳೆದ ವರ್ಷ ಸಂಕ್ರಾಂತಿಯ ಬೆನ್ನಿಗೆ ಜ್ಯೋತಿ ಎಂಬ ಹುಡುಗಿ ಪ್ರಾಣಿಗಳ ಸಮೀಕ್ಷೆಗೆಂದು ಅವನ ಊರಿಗೆ ಬಂದು, ಹಳ್ಳದ ಕಣಿವೆಯಲ್ಲಿ ಯಾವ ಯಾವ ಪ್ರಾಣಿಗಳು ಮರಿ ಮಾಡುತ್ತವೆಂದು ಕೇಳಿದಾಗ, ಉತ್ತರ ತಾನಾಗಿಯೇ ಹೊರಟಿತು.

"ಇಲ್ಲೇನೂ ಇಲ್ರಿ ಬಾಯಾರ. ಬರ್ತಾವು, ನೀರು ಕುಡೀತಾವು, ಹೋಗ್ತಾವು."

ಜ್ಯೋತಿ ದಾಂಡೇಲಿಯವಳು, ಕಾಗದದ ಕಾರ್ಖಾನೆಯ ಕೆಲಸಕ್ಕೆಂದು ಧಾರವಾಡದ ಕಡೆಯಿಂದ ಬಂದು ನೆಲೆಸಿದವರ ಮಗಳು. ಹಳ್ಳಕ್ಕೆ ಅಣೆಕಟ್ಟು ಕಟ್ಟಿ ವಿದ್ಯುತ್ತು ತೆಗೆಯುವ ಯೋಜನೆಯೊಂದು ಬರಲಿದೆ, ಮುಳುಗುವ ನೆಲದಲ್ಲಿ ಯಾವ ಪ್ರಾಣಿಗಳು ನೆಲೆಸಿವೆಯೆಂದು ಮೊದಲು ತಿಳಿಯಬೇಕು ಎಂದು ಅವಳು ಸಮಾಧಾನದಿಂದಲೇ ವಿವರಿಸಿದ್ದಳು. ಗಂಗಾರಾಮ ಅದನ್ನು ಪೂರ್ತಿ ನಂಬದೆಯೇ ಅವಳೊಡನೆ ದಿನವಿಡೀ ಅಲೆದ. ಕಾಡುಕೋಣದ ಹೆಜ್ಜೆ ತೋರಿಸಿದ, ಕಡವೆ ಕೊಂಬು ತಿಕ್ಕಿದ ಮರ ತೋರಿಸಿದ. ಆದರೆ ಎದುರು ದಡದ ಹಾಸುಬಂಡೆಯ ಕೆಳಗೆ ಕರಡಿಗಳು ಚಳಿಗಾಲದಲ್ಲಿ ಮರಿ ಹಾಕುವ ಗವಿಯಿತ್ತಲ್ಲ, ಅತ್ತ ಮಾತ್ರ ಸುಳಿಯಲಿಲ್ಲ. ಅಲ್ಲಿ ಹೆಜ್ಜೇನು ಕಟ್ಟಿದೆ, ಎದ್ದರೆ ಉಳಿಗಾಲವಿಲ್ಲ ಎಂದು ನಂಬಿಸಿ ಅವಳನ್ನು ಬಳಸುದಾರಿಯಲ್ಲಿ ಕರೆದೊಯ್ದ. ಸಂಜೆ ಮನೆಗೆ ಬಂದು, ಕರಡಿಯ ಬಾಣಂತನ ಕಾಯ್ದೆನೆಂದು ಹೆಂಡತಿ ಗೌರಿಬಾಯಿಯ ಮುಂದೆ ಮೀಸೆಯಡಿ ನಕ್ಕಿದ್ದ.

ಆ ನಗೆಯ ಬೆಲೆ ತಿಳಿದದ್ದು ಈ ಚಳಿಗಾಲ, ಜನರ ಅಹವಾಲು ಕೇಳಲೆಂದು ಹಳಿಯಾಳದಲ್ಲಿ ಕರೆದ ಸಭೆಯಲ್ಲಿ. ಅಧಿಕಾರಿಯೊಬ್ಬರು ಜ್ಯೋತಿಯ ಸಮೀಕ್ಷೆಯ ಸಾರವನ್ನು ಓದಿ ಹೇಳಿದರು. ಮುಳುಗುವ ಕಣಿವೆಯಲ್ಲಿ ಪ್ರಾಣಿಗಳು ಮರಿ ಮಾಡುವ ತಾಣಗಳಿಲ್ಲ. ಊರವರ ಹೇಳಿಕೆಯಂತೆ ಅವು ನೀರಿಗಷ್ಟೇ ಬಂದುಹೋಗುತ್ತವೆ. ಆದ್ದರಿಂದ ಹಾನಿ ಅಲ್ಪ.

ಗಂಗಾರಾಮ ಎದ್ದು ನಿಂತು, ಗವಿ ಇದೆ, ಈಗಲೂ ಅದರಲ್ಲಿ ಎರಡು ಮರಿಗಳಿವೆ, ಮುಚ್ಚಿಟ್ಟವನು ತಾನೇ ಎಂದ. ಎಲ್ಲಿ ಎಂಬ ಪ್ರಶ್ನೆ ಬಂತು. ಇನ್ನು ಅಡಗಿಸಿದರೆ ನಂಬುವವರಾರು? ಹಾಸುಬಂಡೆಯ ಗುರುತನ್ನು ತುಂಬಿದ ಸಭೆಯೆದುರು ಬಿಚ್ಚಿಟ್ಟ. ಮುಂದಿನ ವಾರ ಜ್ಯೋತಿಯನ್ನೇ ಕಳಿಸುವುದಾಗಿ, ಕರಡಿ ಕಂಡರೆ ವರದಿಯನ್ನು ತಿದ್ದುವುದಾಗಿ ಅಧಿಕಾರಿ ಒಪ್ಪಿದರು.

ಮಾತು ಸಭೆಯಲ್ಲಿ ನಿಲ್ಲಲಿಲ್ಲ. ಮರುದಿನದಿಂದಲೇ ಸುತ್ತಲಿನ ಊರುಗಳ ಮೋಟಾರ್ ಸೈಕಲ್ಲುಗಳು ಹಳ್ಳಕ್ಕಿಳಿದವು. ದಾಂಡೇಲಿಯ ರೆಸಾರ್ಟಿನಿಂದ ಪ್ರವಾಸಿಗರ ಜೀಪೂ ಬಂತು. ಗಂಗಾರಾಮ ದಾರಿಗೆ ಮುಳ್ಳು ಹಚ್ಚಿದ, ಬೈದ, ಕೊನೆಗೆ ಕೈಮುಗಿದ. ಒಬ್ಬ ತರುಣ ಮುಳ್ಳುಕಂಟಿಯನ್ನು ಕಾಲಿನಿಂದ ಸರಿಸುತ್ತ, "ಯಾಕ ಕಾಕಾ, ಸಭಾದಾಗ ನೀನ ಪತ್ತೆ ಕೊಟ್ಟಿಯಲ್ಲ" ಎಂದು ಮೊಬೈಲು ಹಿಡಿದು ಮುಂದೆ ನಡೆದ.

ಅಂದು ಗೌರಿಬಾಯಿ ಊಟಕ್ಕೆ ಬಡಿಸುತ್ತ, ಮುಖ ನೋಡದೆ ಹೇಳಿದಳು: "ಬಾಣಂತಿನ್ನ ಒಯ್ದು ಸಂತ್ಯಾಗ ಕುಂದ್ರಿಸಿ ಬಂದ್ರಿ. ಈಗ ಬಾಗಲಾ ಹಾಕಿದ್ರ ಏನು ಬಂತು?"

ಸುಮ್ಮನಿದ್ದರೂ ಮುಳುಗುತ್ತಿತ್ತಲ್ಲ ಎಂದು ಅವನು ಗೊಣಗಿದ.

ಜ್ಯೋತಿ ಬರುವಷ್ಟರಲ್ಲಿ ಕರಡಿ ಮರಿಗಳನ್ನು ಬೆನ್ನಿಗೇರಿಸಿಕೊಂಡು ಹೊರಟುಹೋಗಿತ್ತು. ಹಾಸುಬಂಡೆಯ ಮುಂದೆ ಚಿಪ್ಸಿನ ಖಾಲಿ ಚೀಲಗಳು ಬಿದ್ದಿದ್ದವು; ನೆಲದ ತುಂಬ ಬೂಟಿನ ಗುರುತುಗಳು, ಒಂದರ ಮೇಲೊಂದು. ಅವಳು ಜೊತೆಗೆ ಬಂದ ಗಂಗಾರಾಮನತ್ತ ತಿರುಗಿದಳು.

"ಅವತ್ತ ಹೇಳಿದ್ರ ಆಗ್ತಿತ್ತಲ್ಲ ಕಾಕಾ."

"ಅವತ್ತು ನೀವು ಯಾರಂತ ನನಗೇನು ಗೊತ್ತಿತ್ರಿ? ಹಿಂಗ ಕೇಳ್ಕೋತ ಬಂದವರೆಲ್ಲಾ ಹೊಡ್ಯಾಕ ಬಂದವರ."

ಒಬ್ಬನ ಮಾತಿಗೆ ಜೋತುಬಿದ್ದು, ಒಂದೇ ದಿನದಲ್ಲಿ ಕಣಿವೆ ಮುಗಿಸಿ ಹೋದವಳು ತಾನೆಂಬುದು ಅವಳ ಮುಖದಲ್ಲಿಯೇ ಇತ್ತು. ಇಲ್ಲದ ಕರಡಿಯನ್ನು ಇದೆಯೆಂದು ಬರೆಯಲಾಗದು. ಗವಿಯನ್ನಾದರೂ ಅಳೆದಿಡೋಣವೆಂದು ಟೇಪು ತೆಗೆದು, ಒಂದು ತುದಿಯನ್ನು ಅವನ ಕೈಗಿತ್ತಳು.

ಅವನ ಮನೆತನದಲ್ಲಿ ಯಾರೂ ತಲೆ ಹಾಕದ ಆ ಬಾಗಿಲಲ್ಲಿ ಗಂಗಾರಾಮ ಚಪ್ಪಲಿ ಬಿಟ್ಟು, ತೆವಳುತ್ತ ಒಳಹೊಕ್ಕ. ಒಳಗೆ ಕರಡಿಯ ವಾಸನೆ ಇನ್ನೂ ಗಾಢವಾಗಿತ್ತು. ತಾಯಿ ಮಲಗಿ ಮಲಗಿ ನುಣುಪಾದ ತಗ್ಗಿಗೆ ಅಂಗೈ ತಾಗಿತು, ತಣ್ಣಗೆ ಕೊರೆಯುತ್ತಿತ್ತು.

ಟೇಪು ಗೋಡೆ ಮುಟ್ಟಿತೇ ಎಂದು ಹೊರಗಿನಿಂದ ಜ್ಯೋತಿ ಕೇಳಿದಳು. ಮುಟ್ಟಿತೆಂದು ಕೂಗಿ ಹೇಳಿದ. ಅವಳು ಅಳತೆ ಮುಗಿಸಿ ಟೇಪನ್ನು ಸುತ್ತಿಕೊಂಡ ಮೇಲೂ ಅವನು ಹೊರಬರಲಿಲ್ಲ.