ಬೊಳ್ಳಿಯ ಕೊಂಗಾಟ

ಹೂವಪ್ಪನ ನಾಲಿಗೆ ಬಿದ್ದುಹೋಯಿತು ಎಂಬ ಸುದ್ದಿ ಬಂದ ದಿನ ನಾನು ಪಾಯಸ ಮಾಡಿ ಉಂಡೆ. ಕೆಟ್ಟವಳು ಎನ್ನುವವರು ಎನ್ನಲಿ. ಹಾಲನ್ನು ನೆರೆಮನೆಯಿಂದ ತರಬೇಕಾಯಿತು, ಏಕೆಂದರೆ ನನ್ನ ಹಟ್ಟಿಯಲ್ಲಿ ಹಾಲು ಕೊಡುತ್ತಿದ್ದ ಬಿಳಿ ದನ ಬೊಳ್ಳಿಯನ್ನು ಕೊಂದವನು ಅವನೇ.

ಕಾಪುವಿನಿಂದ ಕಾರ್ಕಳದವರೆಗೆ ಯಾರ ದನಕ್ಕೆ ಏನಾದರೂ ಹೂವಪ್ಪನಿಗೆ ಕರೆ ಹೋಗುತ್ತಿತ್ತು. ಸಾವಿರ ದನ ನೋಡಿದ ಕಣ್ಣು ಎಂದು ಹೊಗಳುತ್ತಿದ್ದರು. ಸಾವಿರ ನೋಡಿದ ಮೇಲೆ ಇನ್ನೊಂದನ್ನು ನೋಡುವ ಅಗತ್ಯವೇ ಇಲ್ಲ ಎಂದು ಆ ಮನುಷ್ಯ ನಂಬಿಬಿಟ್ಟಿದ್ದ. ಎದುರಿಗೆ ನಾನೂ ಹೂವಪ್ಪಣ್ಣ ಎನ್ನುತ್ತಿದ್ದೆ, ಊರಿನ ಮರ್ಯಾದೆ. ಮನಸ್ಸಿನಲ್ಲಿ ಅವನಿಗೆ ಆ ಮರ್ಯಾದೆ ಇಲ್ಲ, ಇಲ್ಲಿ ಹೇಳುವಾಗಲೂ ಇಲ್ಲ.

ಬೊಳ್ಳಿ ಕರು ಹಾಕಿ ಸ್ವಲ್ಪ ಕಾಲವಾಗಿತ್ತು. ಒಂದು ಬೆಳಿಗ್ಗೆ ಹುಲ್ಲು ಮುಟ್ಟಲಿಲ್ಲ. ಬೆನ್ನು ಬಾಗಿಸಿ ನಿಂತು, ಕಿವಿ ಹಿಂದಕ್ಕೆ ಎಳೆದುಕೊಂಡು, ಕಣ್ಣು ಅರ್ಧ ಮುಚ್ಚಿ ಹಲ್ಲು ಕಡಿಯುತ್ತಿದ್ದಳು. ಗಂಡ ಸತ್ತ ಮೇಲೆ ನನಗಿದ್ದ ಜೀವ ಅದೊಂದೇ. ಉಡುಪಿಯಿಂದ ದನದ ಡಾಕ್ಟರನ್ನು ಕರೆಸುತ್ತೇನೆ ಎಂದಾಗ ಊರಿನವರು ನಕ್ಕರು. ಹೂವಪ್ಪ ಇರುವಾಗ ಡಾಕ್ಟರು ಯಾಕೆ ಎಂದರು.

ಅವನು ಬಂದ. ಹಟ್ಟಿಯ ಒಳಗೆ ಕಾಲಿಡದೆ, ಬಾಯಿ ತುಂಬ ಎಲೆಯಡಿಕೆ ಇಟ್ಟುಕೊಂಡು ಬಾಗಿಲಲ್ಲೇ ನಿಂತ.

"ಇದಕ್ಕೆ ನೋವು ಅಲ್ಲ ಅಮ್ಮಣ್ಣಿ, ಕೊಂಗಾಟ, ಬರೀ ಮುದ್ದಿನ ಸೋಗು. ನೀನು ಮುದ್ದು ಮಾಡಿ ಹಾಳು ಮಾಡಿದ್ದೀ. ನೋವು ಇದ್ದರೆ ಕೂಗುವುದಿಲ್ವಾ?"

ಕೊಂಗಾಟ ಬಿಡಿಸಲು ಬೊಳ್ಳಿಯನ್ನು ಹೊರಗೆ ಸೇರಿದ್ದ ಜನರ ನಡುವೆ ಎಳೆಸಿ, ಕತ್ತಿ ಕಾಯಿಸಿ ಪಕ್ಕೆಗೆ ಬರೆ ಎಳೆದ. ಬೊಳ್ಳಿ ಆಗಲೂ ಕೂಗಲಿಲ್ಲ. ಕೂಗದ್ದನ್ನೇ ತೋರಿಸಿ, ನೋಡಿದಿರಾ ಎಂದು ಜನರ ಕಡೆ ತಿರುಗಿದ. ಬರೆಯ ಗಾಯ ಒಣಗುವ ಮೊದಲೇ ಅವಳು ಸತ್ತಳು. ದನದ ಆಯುಸ್ಸು ಅಷ್ಟೇ ಎಂದು ಅವನು ಊರೆಲ್ಲ ಹೇಳಿಕೊಂಡು ಬಂದ. ಅವಳ ಕರು ಕೆಂಪಿಯನ್ನು ನಾನು ಗಂಜಿತಿಳಿ ಕುಡಿಸಿ ಸಾಕಿದೆ.

ಕೆಂಪಿ ಬೆಳೆದು ಗಬ್ಬವಾಗಿದ್ದಾಗ ಹೂವಪ್ಪನಿಗೆ ಲಕ್ವ ಹೊಡೆಯಿತು. ಉಡುಪಿಯ ಆಸ್ಪತ್ರೆಯಿಂದ ಮನೆಗೆ ತಂದು ಜಗಲಿಯಲ್ಲಿ ಮಲಗಿಸಿದರು. ಮಾತು ಪೂರ್ತಿ ಹೋಗಿತ್ತು. ಎಡಗೈ ಒಂದು ಆಡುತ್ತಿತ್ತು. ಮಗ ಬೊಂಬಾಯಿಯ ಹೋಟೆಲಿನಲ್ಲಿದ್ದ. ಸೊಸೆ ಸ್ವರ್ಣಲತಾ ಕೈಮಗುವನ್ನು ಎತ್ತಿಕೊಂಡು ಬಂದು, ಹಗಲು ಹೊತ್ತು ಮಾವನನ್ನು ನೋಡಿಕೊಳ್ಳುತ್ತೀರಾ ಎಂದು ಕೇಳಿದಳು. ದೇವರು ಕಣ್ಣು ಬಿಟ್ಟ ಎಂದುಕೊಂಡೆ. ಆ ಕ್ಷಣವೇ ಒಪ್ಪಿದೆ.

ಕೆಲವು ದಿನ ಕಳೆದ ಮೇಲೆ ಅವನ ಮುಖದಲ್ಲಿ ನನಗೆ ಬೊಳ್ಳಿ ಕಂಡಳು. ಅದೇ ಅರ್ಧ ಮುಚ್ಚಿದ ಕಣ್ಣು, ಅದೇ ಬಿಗಿದ ದವಡೆ, ಹಲ್ಲು ಕಡಿಯುವ ಅದೇ ಸದ್ದು. ಗಂಜಿ ಬೇಡ, ನೀರೂ ಬೇಡ. ಸ್ವರ್ಣಲತಾ ಗಾಬರಿಯಾಗಿ, "ಅಮ್ಮಣ್ಣಿಯಕ್ಕ, ಮಾವನಿಗೆ ಎಲ್ಲಿಯಾದರೂ ನೋವು ಉಂಟಾ?" ಎಂದು ಕೇಳಿದಳು.

"ನೋವು ಎಂತದ್ದೂ ಇಲ್ಲ. ಕೊಂಗಾಟ," ಎಂದೆ. "ನೋವು ಇದ್ದರೆ ಕೂಗುವುದಿಲ್ವಾ?"

ಅವನಿಗೆ ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದೆ. ಹೊಟ್ಟೆ ತಣ್ಣಗಾಗಬೇಕಿತ್ತು, ಆಗಲಿಲ್ಲ. ಅವನು ನನ್ನ ಕಡೆ ನೋಡಲೇ ಇಲ್ಲ. ನೋವು ಅವನ ಕಿವಿಯನ್ನೂ ತುಂಬಿಬಿಟ್ಟಿತ್ತು, ನನ್ನ ಮಾತು ಒಳಗೆ ಇಳಿಯಲು ಜಾಗವೇ ಇರಲಿಲ್ಲ. ಕೇಳಿಸದವನಿಗೆ ಬೈದು ಏನು ಸುಖ? ಮರುದಿನ ನಾನೇ ಸ್ವರ್ಣಲತಾಳನ್ನು ಕರೆದು, ಡಾಕ್ಟರಿಗೆ ಹೇಳಿ ಕಳಿಸು ಎಂದೆ. ಸೊಂಟದ ಕೆಳಗೆ ಬಾಯಿ ಮಾಡದ ಕುರು ಒಳಗೊಳಗೇ ಹಣ್ಣಾಗಿತ್ತು. ಡಾಕ್ಟರು ಕೊಯ್ದು ಕೀವು ತೆಗೆದರು. ಅವನು ನಿದ್ದೆ ಮಾಡಿದ. ಎದ್ದಾಗ ನನ್ನತ್ತ ಕೃತಜ್ಞತೆಯಿಂದ ನೋಡಿದ. ಕರುಣೆಯಿಂದ ಮಾಡಿದೆನೆಂದು ಭಾವಿಸಿದ್ದಿರಬೇಕು, ಪಾಪ.

ಅಂದಿನಿಂದ ನನ್ನ ನಿಜವಾದ ಕೆಲಸ ಶುರುವಾಯಿತು. ದಿನಾ ಕೆಂಪಿಯನ್ನು ಹೊಡೆದುಕೊಂಡು ಬಂದು ಜಗಲಿಯ ಎದುರಿನ ತೆಂಗಿನ ಮರಕ್ಕೆ ಕಟ್ಟಿದೆ. ಕತ್ತು ತಿರುಗಿಸಲಾಗದವನಿಗೆ ಬೇರೆ ನೋಟವೇ ಇಲ್ಲ. "ತಾಯಿಯನ್ನು ನೋಡಲಿಲ್ಲ ನೀವು, ಮಗಳನ್ನಾದರೂ ನೋಡಿ ಹೂವಪ್ಪಣ್ಣ," ಎಂದೆ. ಬೊಳ್ಳಿ ಹೇಗೆ ನಿಂತಿದ್ದಳು, ಬರೆ ಎಳೆದಾಗ ಚರ್ಮ ಹೇಗೆ ನಡುಗಿತು, ಕೊನೆಗೆ ಹೇಗೆ ಮಂಡಿಯೂರಿದಳು, ಎಲ್ಲ ಹೇಳಿದೆ. ಮುಗಿದ ಮೇಲೆ ಮತ್ತೆ ಮೊದಲಿನಿಂದ ಹೇಳಿದೆ. ಒಮ್ಮೊಮ್ಮೆ ಅವನ ಕಣ್ಣಲ್ಲಿ ನೀರು ಬರುತ್ತಿತ್ತು. ಒರೆಸುತ್ತಿದ್ದೆ, ಕೆಂಪಿ ಸರಿಯಾಗಿ ಕಾಣಲಿ ಎಂದು.

ಒಂದು ಮಧ್ಯಾಹ್ನ ಸ್ವರ್ಣಲತಾ ಶಂಕರಪುರಕ್ಕೆ ಕೊಡುವ ಮಲ್ಲಿಗೆ ಕಟ್ಟುತ್ತಿದ್ದಳು, ನಾನು ಅವಳಿಗೆ ಬಾಳೆನಾರು ಸೀಳಿ ಕೊಡುತ್ತಿದ್ದೆ. ಹೂವಪ್ಪ ಎಡಗೈಯಿಂದ ಮಂಚ ಬಡಿಯತೊಡಗಿದ. ನೀರು ಹಿಡಿದೆ, ಕುಡಿಯಲಿಲ್ಲ. ಕೊಂಗಾಟ ಸಾಕು ಎಂದು ಗದರಿದೆ. ಬಡಿಯುವುದು ಹೆಚ್ಚಾಯಿತು. ಆಮೇಲೆ ಕೈ ನಿಲ್ಲಿಸಿ, ಕೆಂಪಿಯನ್ನು ನೆಟ್ಟ ಕಣ್ಣಿನಿಂದ ನೋಡುತ್ತಾ, ಬೇಕೆಂದೇ ಹಲ್ಲು ಕಡಿದ.

ನಾನು ತಿರುಗಿ ನೋಡಿದೆ. ಕೆಂಪಿಯ ಎದುರು ಹುಲ್ಲಿತ್ತು, ನೆರಳಿತ್ತು, ನನಗೆ ಏನೂ ಕಾಣಲಿಲ್ಲ. ದಿನವಿಡೀ ಪಕ್ಕದಲ್ಲೇ ಇದ್ದರೂ ನಾನು ನೋಡುತ್ತಿದ್ದದ್ದು ಅವನ ಮುಖವನ್ನು, ಅದು ಕುಗ್ಗುವುದನ್ನು. ಹತ್ತಿರ ಹೋದಾಗ ಅವಳ ಕಿವಿ ತುಸು ಹಿಂದಕ್ಕೆ ಸರಿದದ್ದು, ಕಣ್ಣಿನ ಮೇಲಿನ ಚರ್ಮ ಬಿಗಿದದ್ದು ಕಂಡಿತು. ದವಡೆಗೆ ಕಿವಿ ಕೊಟ್ಟರೆ ಹಲ್ಲಿನ ಸದ್ದು.

ಪಕ್ಕದ ಮನೆಯ ಶೀನ ಸೈಕಲ್ ತುಳಿದು ದನದ ಡಾಕ್ಟರನ್ನು ಕರೆತಂದ. ಕರು ಹೊಟ್ಟೆಯಲ್ಲಿ ಅಡ್ಡವಾಗಿತ್ತು. ಡಾಕ್ಟರು ಮೊಣಕೈವರೆಗೆ ಕೈ ಹಾಕಿ, ತಿರುಗಿಸಿ, ಎಳೆದು ತೆಗೆದರು. ತಾಯಿಯೂ ಉಳಿದಳು, ಕರುವೂ ಉಳಿಯಿತು. ಇನ್ನು ಸ್ವಲ್ಪ ತಡವಾಗಿದ್ದರೆ ಎರಡೂ ಇಲ್ಲ ಎಂದು ಅವರು ಹೇಳಿ ಹೋದರು.

ಅಂಗಳದಲ್ಲಿ ಸೇರಿದ ಜನ ಹೂವಪ್ಪನ ಕಣ್ಣೆಂದರೆ ಕಣ್ಣು ಎಂದು ಮತ್ತೆ ಹೊಗಳಿದರು. ಅಮ್ಮಣ್ಣಿಯ ಸಿಟ್ಟು ಇನ್ನಾದರೂ ಇಳಿಯಬಹುದು ಎಂದು ಶೀನ ಯಾರಿಗೋ ಹೇಳಿದ. ನಾನು ಮಂಚದ ಹತ್ತಿರ ಹೋದೆ. ಹೂವಪ್ಪ ಮಗುವಿನ ಹಾಗೆ ನನ್ನ ಮುಖ ನೋಡುತ್ತಿದ್ದ. ಯಾವುದಕ್ಕೆ ಕಾಯುತ್ತಿದ್ದನೆಂದು ನನಗೆ ಗೊತ್ತಿತ್ತು.

ಅಷ್ಟು ವರ್ಷ ಅವನ ಪರವಾಗಿ ಒಂದೇ ಒಂದು ಮಾತು ನನ್ನೊಳಗೆ ಇತ್ತು: ಅವನಿಗೆ ಕಾಣಲಿಲ್ಲ, ಕುರುಡನ ಮೇಲೆ ಎಂಥ ಹಗೆ ಎಂದು ಕೆಲವು ಸಲ ನನಗೇ ಅನ್ನಿಸಿದ್ದುಂಟು. ಈಗ ಅದೂ ಹೋಯಿತು.

"ನಿಮಗೆ ನೋಡಲಿಕ್ಕೆ ಬರುತ್ತದೆ ಹೂವಪ್ಪಣ್ಣ," ಎಂದೆ. "ಬಾಗಿಲು ದಾಟಿ ಒಳಗೆ ಬಂದಿದ್ದರೆ ಆವತ್ತೂ ಬರುತ್ತಿತ್ತು."

ಮರುದಿನ ಬೆಳಿಗ್ಗೆ ಬಂದು ತೆಂಗಿನ ಮರಕ್ಕೆ ಕೆಂಪಿಯನ್ನು ಕಟ್ಟಿದೆ, ಕರುವನ್ನೂ ಕಟ್ಟಿದೆ. ಅದು ಹುಟ್ಟಿದ್ದು ಅಚ್ಚ ಬಿಳಿ ಬಣ್ಣದಲ್ಲಿ, ಅಜ್ಜಿಯ ಬಣ್ಣ. ಅದರ ಮುಖವನ್ನು ಅವನ ಕಡೆ ತಿರುಗಿಸಿ, ಬೊಳ್ಳಿ ಎಂದು ಹೆಸರು ಕರೆದೆ.