ಎರಡಡಿ ಎಡಕ್ಕೆ

ಮೇಜನ್ನು ಎರಡಡಿ ಎಡಕ್ಕೆ ಸರಿಸಬೇಕೇ ಬೇಡವೇ ಎಂಬ, ಹದಿನೆಂಟು ವರ್ಷಗಳಿಂದ ಇತ್ಯರ್ಥವಾಗದ ಗಂಭೀರ ಪ್ರಶ್ನೆ ಆ ಬೆಳಿಗ್ಗೆ ಹತ್ತೂಕಾಲಿಗೆ ಮತ್ತೆ ಎದ್ದಿತು. ಯಜಮಾನರ ಶವಪೆಟ್ಟಿಗೆ ಆ ಮೇಜಿಗೇ ತಗುಲಿಕೊಂಡಿತ್ತು.

ಹಿಂದೆ ಮನೆ, ಮುಂದೆ ತಕ್ಕಡಿ ರಿಪೇರಿ ಅಂಗಡಿ. ಹೊರಬೀಳಲು ಅಂಗಡಿಯ ದಾರಿ ಒಂದೇ. ಮೇಜಿಗೂ ಗೋಡೆಗೂ ನಡುವೆ ಉಸಿರು ಬಿಗಿಹಿಡಿದರೆ ಒಬ್ಬರು ನುಸುಳಬಹುದಾದಷ್ಟು ಜಾಗ.

“ಸ್ವಲ್ಪ ಓರೆ ಮಾಡಿ ನೋಡೋಣ,” ಎಂದ ಪಕ್ಕದಂಗಡಿಯ ದರ್ಜಿ.

“ಒಳಗಿರೋರು ಬಯ್ತಾರಪ್ಪ. ತಕ್ಕಡಿ ಮುಳ್ಳು ಓರೆಯಾದ್ರೇ ಊಟ ಬಿಡೋರು,” ಎಂದರು ಮೇಸ್ತ್ರಿ. ಅವರು ಯಜಮಾನರ ಜೊತೆ ಮೂವತ್ತು ವರ್ಷ ದುಡಿದವರು.

ಮೇಜಿನ ನಾಲ್ಕು ಕಾಲಿಗೂ ಬೋಲ್ಟು ಹಾಕಿ ನೆಲಕ್ಕೆ ಬಿಗಿಯಲಾಗಿತ್ತು. ಮಗಳು ಸ್ಪ್ಯಾನರ್ ತಂದು ಕೆಳಗೆ ಕೂತಳು.

*

ಅಂಗಡಿಯಲ್ಲಿ ಯಾವ ಬದಲಾವಣೆಯನ್ನೇ ಆಗಲಿ ಯಜಮಾನರು ತೂಗಿಯೇ ತೀರ್ಮಾನಿಸುತ್ತಿದ್ದರು. ಮಾತಿಗೆ ಹೇಳುವುದಲ್ಲ, ನಿಜವಾಗಿ ತೂಗುತ್ತಿದ್ದರು. ಮೇಜಿನ ಮೇಲಿನ ಹಿತ್ತಾಳೆ ತಕ್ಕಡಿಯ ಎಡತಟ್ಟೆ ‘ಬೇಕು’, ಬಲತಟ್ಟೆ ‘ಬೇಡ’. ಒಂದೊಂದು ಕಾರಣಕ್ಕೆ ಒಂದೊಂದು ತೂಕದ ಕಲ್ಲು.

ಮಗಳು ಎಲೆಕ್ಟ್ರಾನಿಕ್ ತಕ್ಕಡಿಗಳ ರಿಪೇರಿ ಕಲಿತು ಬಂದಿದ್ದಳು. ಮೇಜು ಸರಿದರೆ ಕಿಟಕಿಯ ಪಕ್ಕ ಅವಳದೂ ಒಂದು ಬೆಂಚು ಬರುತ್ತಿತ್ತು. ಹೊಸ ತಕ್ಕಡಿ ಹಿಡಿದುಕೊಂಡು ಬಂದು ಹಾಗೇ ವಾಪಸಾಗುವ ಗಿರಾಕಿಗಳಿಗಾಗಿ ಅವಳು ಎಡಕ್ಕೆ ಒಂದು ಕಿಲೋ ಇಟ್ಟಳು, ತನ್ನ ಕಲಿಕೆಗೆ ಅರ್ಧ. ಅಪ್ಪ ಬಲಕ್ಕೆ ಮೇಸ್ತ್ರಿಯ ವಯಸ್ಸನ್ನು ಅರ್ಧ ಕಿಲೋ ಇಟ್ಟರು, ಹಳೇ ಗಿರಾಕಿಗಳ ಅಭ್ಯಾಸವನ್ನು ಅರ್ಧ, ಬದಲಾವಣೆ ಎಂದರೆ ಅಮ್ಮನಿಗಿದ್ದ ಹೆದರಿಕೆಯನ್ನು ಕಾಲು, ನೆಲದಲ್ಲಿ ಉಳಿಯಲಿದ್ದ ತೂತುಗಳನ್ನು ಕಾಲು.

ಬಲತಟ್ಟೆ ಕೂದಲೆಳೆಯಷ್ಟು ಇಳಿಯಿತು.

“ನಾನಾ ಹೇಳ್ತಿರೋದು? ತಕ್ಕಡಿ ಹೇಳ್ತಿದೆ,” ಎಂದರು ಅಪ್ಪ.

ವರ್ಷವರ್ಷವೂ ಅವಳು ಹೊಸ ಕಾರಣ ತಂದಳು. ವರ್ಷವರ್ಷವೂ ಅವರು ಕಲ್ಲಿಗೆ ಕಲ್ಲು ಸಮ ಇಟ್ಟರು. ಅನ್ಯಾಯ ಮಾಡುವ ಮನುಷ್ಯರಲ್ಲ. ಕೂದಲೆಳೆ ಮಾತ್ರ ಪ್ರತಿ ಸಲವೂ ಅವರ ಕಡೆಗೇ ಇರುತ್ತಿತ್ತು.

*

ಐದು ಜನ ಮೇಜನ್ನು ಬೀದಿಗೆ ಎತ್ತಿಟ್ಟ ಮೇಲೆ ಯಜಮಾನರು ನೆಟ್ಟಗೆ ಹೊರಟುಹೋದರು. ಮಣ್ಣು ಮಾಡಿ ಎಲ್ಲರೂ ಹಿಂತಿರುಗಿದಾಗ ಮಧ್ಯಾಹ್ನವಾಗಿತ್ತು. ಮೇಸ್ತ್ರಿ ಕೈ ಸುಮ್ಮನಿರಲಾರದೆ ತಕ್ಕಡಿಯನ್ನು ಸಮನೆಲದಲ್ಲಿಟ್ಟು, ತಟ್ಟೆಗಳನ್ನು ಖಾಲಿ ಮಾಡಿ ಒರೆಸಿದರು.

ಖಾಲಿ ತಕ್ಕಡಿಯ ಬಲತಟ್ಟೆ ಇಳಿಯಿತು.

ಮಗಳು ತಟ್ಟೆಯನ್ನು ಮಗುಚಿದಳು. ತಳದಲ್ಲಿ ಉಗುರಿನಷ್ಟು ಸೀಸ, ಯಾವ ಕಾಲದ್ದೋ, ಕಪ್ಪಿಟ್ಟು ಕೂತಿತ್ತು.

“ಅಪ್ಪಂಗೆ ಗೊತ್ತಿತ್ತಾ?”

“ಇಲ್ಲಮ್ಮ,” ಎಂದರು ಮೇಸ್ತ್ರಿ. “ಊರಿನ ತಕ್ಕಡಿನೆಲ್ಲ ಪರೀಕ್ಷೆ ಮಾಡಿದ್ವಿ. ಇದು ನಮ್ಮದೇ ಅಲ್ವಾ ಅಂತ…”

ದರ್ಜಿ ಮೇಜಿನ ಮೂಲೆ ಹಿಡಿದು ಕಾಯುತ್ತಿದ್ದ. “ಎಲ್ಲಿಡೋಣಮ್ಮ?”

ಹದಿನೆಂಟು ವರ್ಷಗಳಲ್ಲಿ ಅವಳನ್ನು ಯಾರೂ ಹಾಗೆ ಕೇಳಿರಲಿಲ್ಲ. ಎಲ್ಲರೂ ಅವಳ ಮುಖವನ್ನೇ ನೋಡಿದರು. ಕಿಟಕಿಯ ಪಕ್ಕ ಬರಿನೆಲದ ಮೇಲೆ ಒಂದು ಬೆಂಚಿನಷ್ಟು ಬಿಸಿಲು ಬಿದ್ದಿತ್ತು. ಒಳಬಾಗಿಲಲ್ಲಿ ಅಮ್ಮ ನಿಂತಿದ್ದಳು.

“ಅವರು ಹೋದ ದಿನಾನೇನಾ, ಪುಟ್ಟಿ?”

ಮೇಸ್ತ್ರಿ ತಲೆ ಎತ್ತಲಿಲ್ಲ. ಒರೆಸಿದ್ದ ಎಡತಟ್ಟೆಯನ್ನೇ ಮತ್ತೆ ಒರೆಸುತ್ತಿದ್ದರು. ಈ ಸಲ ತೂಗಲು ಕಲ್ಲು ಬೇಕಾಗಲಿಲ್ಲ.

“ಸದ್ಯಕ್ಕೆ ಇದ್ದಲ್ಲೇ ಇರಲಿ,” ಎಂದಳು.

ಬೋಲ್ಟುಗಳು ಹುಡುಕಾಡದೆ ಹಳೇ ತೂತುಗಳಿಗೆ ಇಳಿದವು. ಅವಳೇ ಬಿಗಿ ಮಾಡಿದಳು. ಆಮೇಲೆ ಚಾಕು ತಂದು ಸೀಸವನ್ನು ಕೆರೆದು ತೆಗೆದಳು.

ಇದಾಗಿ ನಾಲ್ಕು ವರ್ಷವಾಯಿತು. ತಕ್ಕಡಿ ಸರಿಯಾಗಿ ತೂಗುತ್ತದೆ. ಮೇಜು ಅಲ್ಲೇ ಇದೆ.